ಜಂತಿಯ ಎಡಗಿವಿ

ಬಿಚ್ಚಿ ತಂದ ಹಳೇ ಮನೆಯ ಮಾಳಿಗೆಯ ನೂರಾ ಎಂಟು ಜಂತಿಗಳು ಬೇವಿನ ಗಿಡದ ಆಚೆ ಸಾಲಾಗಿ ಮಲಗಿ ಬಿಸಿಲು ಕಾಯುತ್ತಿದ್ದವು. ಈಗಷ್ಟೇ ಎರೆದು ಮಲಗಿಸಿದ ಕೂಸುಗಳ ಹಾಗೆ ಮೈಯೆಲ್ಲ ಹಸಿ. ನೂರು ವರ್ಷದ ಹೊಗೆಯ ಕಪ್ಪು ಹೋಗಿ ತೇಗದ ಬಣ್ಣ ಎದ್ದು ಬಂದಿತ್ತು.

ಸಂಗ್ರಾಮ ಬೈಕ್ ನಿಲ್ಲಿಸಿದ. ಹೆಲ್ಮೆಟ್ ತೆಗೆಯದೆಯೇ ಮೊದಲ ಜಂತಿಯ ಹತ್ತಿರ ಹೋಗಿ ಬಗ್ಗಿದ. ಅದರ ಮಗ್ಗುಲಿಗೆ ಅವನು ಸೀಮೆಸುಣ್ಣದಲ್ಲಿ ಬರೆದಿದ್ದ ಅಂಕಿ ಇರಲಿಲ್ಲ. ಎರಡನೆಯದರಲ್ಲಿಯೂ ಇರಲಿಲ್ಲ. ಹತ್ತನೆಯದರ ತನಕ ನೋಡಿದ, ಆಮೇಲೆ ನೋಡುವುದನ್ನು ಬಿಟ್ಟ.

"ಛಲೋ ತೊಳದೇವಿ ನೋಡ ತಮ್ಮಾ" ಎಂದರು ಲಕ್ಷ್ಮಿಬಾಯಿ. ಜೈನರ ಮನೆಯ ಅರವತ್ತೆಂಟರ ಹೆಂಗಸು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕೈತನಕ ಒದ್ದೆಯಾಗಿದ್ದರು. ಅವರ ಹಿಂದೆ ಸೊಸೆ ಪೂನಮ ಬಕೆಟ್ ಬೋರಲು ಹಾಕುತ್ತಿದ್ದಳು. "ಓಣ್ಯಾಗಿನ ಹದಿನಾಕ ಮಂದಿ ಹೆಣ್ಮಕ್ಕಳ ಬಂದಿದ್ರು. ಎರಡ ದಿನಾ ಆತು. ಅಂಟವಾಳಕಾಯಿ ನೀರ ಹಾಕೇವಿ."

"ಕಾಕು, ಯಾಕ ತೊಳದ್ರಿ?"

"ನೀನ ಹೇಳಿದ್ದಿಯಲ್ಲಾ, ಗೆದ್ದಲಿನ ಎಣ್ಣಿ ಹಚ್ಚತೇನಿ ಅಂತ. ಹಚ್ಚಿದ್ರ ಒಳಗಿನ ಜೀವಾ ಏನಾಗಬೇಕು? ತೂತಿನಾಗ ಇರಬಿ ಅದಾವು, ಜ್ಯಾಡ ಅದಾವು, ಕಣಜದ ಗೂಡ ಐತಿ. ಮೊದಲ ಮೆತ್ತನ್ನ ಬಟ್ಟೀಲೆ ಎಲ್ಲಾ ಝಾಡಿಸಿ ಆ ಹುಲ್ಲಿನ್ಯಾಗ ಬಿಟ್ಟೇವಿ. ಆಮ್ಯಾಲ ಸೋಸಿದ ನೀರಿಲೆ ತೊಳದೇವಿ. ಈಗ ನಿನ್ನ ಎಣ್ಣಿ ಹಚ್ಚು. ಯಾರ ಪಾಪಾನೂ ಬರೂದಿಲ್ಲ."

ಪಾಪ ಯಾರಿಗೂ ಬಂದಿರಲಿಲ್ಲ. ಪೇಚು ಬಂದದ್ದು ಸಂಗ್ರಾಮನಿಗೆ ಮಾತ್ರ. ಅವನು ಕಿಸೆಯಿಂದ ವಹಿ ತೆಗೆದು ನೋಡಿದ. ವಹಿಯಲ್ಲಿ ಎಲ್ಲ ಸರಿಯಾಗಿತ್ತು. ಒಂದನೇ ನಂಬರಿನ ಜಂತಿ ಎಲ್ಲಿ ಕೂರಬೇಕು, ನೂರಾ ಎಂಟನೆಯದು ಎಲ್ಲಿ ಕೂರಬೇಕು, ಎಲ್ಲ ಬರೆದಿತ್ತು. ಯಾವುದು ಒಂದನೆಯದು, ಯಾವುದು ನೂರಾ ಎಂಟನೆಯದು ಎಂದು ಹೇಳುತ್ತಿದ್ದ ಸೀಮೆಸುಣ್ಣ ಮಾತ್ರ ಅಂಟವಾಳದ ನೊರೆಯ ಜೊತೆ ಹರಿದು ಹೊಲಕ್ಕೆ ಹೋಗಿತ್ತು. ಮೊಬೈಲಿನಲ್ಲಿ ಫೋಟೋ ಇದ್ದವು. ಫೋಟೋದಲ್ಲಿ ಜಂತಿಗಳೆಲ್ಲ ಒಂದೇ ಕಪ್ಪು, ಒಂದೇ ದಪ್ಪ.

ಮನೆ ಮೊದಲು ಬೋರಗಾಂವದ ಹಳೇ ಓಣಿಯಲ್ಲಿತ್ತು. ದೂಧಗಂಗೆಯ ನೀರು ಎರಡು ಸಲ ಮನೆಯೊಳಗೆ ಬಂದು ಹೋಗಿತ್ತು. ಎರಡನೇ ಸಲ ಮಣ್ಣಿನ ಗೋಡೆಗಳು ಬೆಲ್ಲದ ಹಾಗೆ ಕರಗಿ ಕುಸಿದವು. ನೀರಿಳಿದ ಮೇಲೆ ಊರವರು ಬಂದು ನೋಡಿದರೆ ಗೋಡೆ ಇಲ್ಲದ ಮನೆ ಲಗ್ನದ ಹಂದರದ ಹಾಗೆ ಕಂಬಗಳ ಮೇಲೆ ನಿಂತಿತ್ತು. ಮೇಲಿನ ಮಣ್ಣಿನ ಮಾಳಿಗೆಯಲ್ಲಿ ಬಿರುಕೂ ಇರಲಿಲ್ಲ. ಆವತ್ತೇ ಲಕ್ಷ್ಮಿಬಾಯಿ ಹೇಳಿದ್ದರು: ಬಿದ್ದದ್ದು ಗೋಡೆ, ಮನೆ ಬಿದ್ದಿಲ್ಲ, ಇದನ್ನ ಬಿಚ್ಚಿ ದಿಬ್ಬದ ಹೊಲದಲ್ಲಿ ನಿಲ್ಲಿಸ್ರಿ.

ಮಗ ಶ್ರೀಪಾಲನಿಗೆ ಇದು ಹುಚ್ಚಾಟ. ಅವನಿಗೆ ಸ್ಲ್ಯಾಬಿನ ಮನೆ ಬೇಕಿತ್ತು. ತೇಗ ಕೊಳ್ಳಲು ಇಚಲಕರಂಜಿ ಕಡೆಯ ವ್ಯಾಪಾರಿ ರಾವಸಾಹೇಬ ತಯಾರಿದ್ದ, ಲಾರಿ ಕಳಿಸುವ ಮಾತೂ ಆಗಿತ್ತು. ತಾಯಿ ಒಪ್ಪಲಿಲ್ಲ. ಆಗ ಸಂಗ್ರಾಮ ಸಿಕ್ಕ. ನಿಪ್ಪಾಣಿಯಲ್ಲಿ ಪ್ಲೈವುಡ್ಡಿನ ಕಪಾಟು, ಅಡುಗೆಮನೆಯ ಟ್ರಾಲಿ ಮಾಡುವವನು, ಮೂವತ್ತೆರಡು ವಯಸ್ಸು. ಅಡ್ಡಹೆಸರು ಬಡಿಗೇರ. ಅಜ್ಜ ಹಳೆಯ ಮನೆಗಳನ್ನು ಎಬ್ಬಿಸುತ್ತಿದ್ದವನು. "ಅಜ್ಜನ ಜೋಡಿ ನಾ ಮೂರ ಮನಿ ಎಬ್ಬಿಸೇನ್ರಿ" ಎಂದು ಸಂಗ್ರಾಮ ಲಕ್ಷ್ಮಿಬಾಯಿಯ ಮುಂದೆ ಹೇಳಿದ್ದ.

ಅದು ಸುಳ್ಳು. ಅಜ್ಜ ಕೆಲಸಕ್ಕೆ ಹೋಗುವ ಹೊತ್ತಿಗೆ ಅವನು ಐಟಿಐ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದ. ಸುಳ್ಳು ಹೇಳಿದ್ದಕ್ಕೆ ಕಾರಣವಿತ್ತು. ವರ್ಷಗಟ್ಟಲೆ ಅವನು ಮರದ ಪುಡಿ ಅಂಟಿಸಿದ ಹಲಗೆಗಳನ್ನೇ ಕೊಯ್ದು ಕೊಯ್ದು ಬೇಸತ್ತಿದ್ದ. ಈ ಮನೆಯ ಕಂಬವನ್ನು ಮೊದಲ ಸಲ ಮುಟ್ಟಿದಾಗ, ಇದನ್ನು ಬೇರೆ ಯಾರೂ ಮುಟ್ಟಬಾರದು ಅನ್ನಿಸಿತ್ತು. ಅಷ್ಟೇ.

ಮನೆ ದೊಡ್ಡದು. ಕಂಬಗಳು ಇಪ್ಪತ್ತು, ನಾಲ್ಕು ಸಾಲಿನಲ್ಲಿ. ಕಂಬದ ತಲೆಯ ಮೇಲೆ ಎರಡೂ ಕಡೆ ತೋಳು ಚಾಚಿದ ಬೋದಿಗೆ. ಬೋದಿಗೆಯ ಮೇಲೆ ಸಾಲಿನುದ್ದಕ್ಕೂ ತೊಲೆ. ಒಂದು ಸಾಲಿನ ತೊಲೆಯಿಂದ ಮುಂದಿನ ಸಾಲಿನ ತೊಲೆಗೆ ಅಡ್ಡ ಮಲಗುವುದು ಜಂತಿ. ನಾಲ್ಕು ಕಂಬಗಳ ನಡುವಿನ ಒಂದು ಚೌಕ ಒಂದು ಅಂಕಣ. ಮೂರು ಸಾಲು, ಸಾಲಿಗೆ ನಾಲ್ಕು, ಒಟ್ಟು ಹನ್ನೆರಡು ಅಂಕಣ. ಅಂಕಣಕ್ಕೆ ಒಂಬತ್ತು ಜಂತಿ. ನೂರಾ ಎಂಟು ಎಂದು ಕೇಳಿದಾಗ ಲಕ್ಷ್ಮಿಬಾಯಿ ಕೈಯಲ್ಲಿದ್ದ ಜಪಮಾಲೆ ನೋಡಿಕೊಂಡಿದ್ದರು.

ಕಂಬ, ಬೋದಿಗೆ, ತೊಲೆಗಳ ಚಿಂತೆ ಇರಲಿಲ್ಲ. ಒಂದೊಂದರ ಕೆತ್ತನೆ ಒಂದೊಂದು ಥರ. ಫೋಟೋ ನೋಡಿ ಹೊಂದಿಸಬಹುದಿತ್ತು. ಜಂತಿಗೆ ಕೆತ್ತನೆ ಇಲ್ಲ. ಆದರೆ ಎರಡು ಜಂತಿ ಒಂದೇ ಅಳತೆಯವೂ ಅಲ್ಲ. ಒಂದು ಬೆರಳು ಉದ್ದ, ಅರ್ಧ ಬೆರಳು ಗಿಡ್ಡ. ಪ್ರತಿ ಜಂತಿಯ ತುದಿಯ ನಾಲಿಗೆಗೆ ತೊಲೆಯ ಮೇಲೆ ಅದರದೇ ಒಂದು ಗೂಡು ಕೊರೆದಿತ್ತು. ಹಾಕಿ ನೋಡಿ ತೆಗೆಯಲು ಅದು ಅಡುಗೆಮನೆಯ ಟ್ರಾಲಿ ಅಲ್ಲ. ತಪ್ಪು ಗೂಡಿಗೆ ಬಡಿದರೆ ನಾಲಿಗೆ ಸೀಳುತ್ತದೆ, ಜಂತಿ ಉರುವಲಾಗುತ್ತದೆ.

ಸಂಜೆಯೊಳಗೆ ಶ್ರೀಪಾಲನಿಗೆ ಸುದ್ದಿ ಮುಟ್ಟಿತು. ಅವನು ಕಾರಿನಿಂದ ಇಳಿದು, ತೊಳೆದ ಮರಗಳ ಉದ್ದಕ್ಕೂ ಒಮ್ಮೆ ನಡೆದು ಬಂದ. ಭಾರಿ ಆಳು, ನಡೆದರೆ ಚಪ್ಪಲಿ ನೆಲಕ್ಕೆ ಹೂತುಹೋಗುವುದು.

"ಆಯಿ, ನೀ ಛಲೋ ಮಾಡಿದಿ" ಎಂದ. "ನಾ ರಾವಸಾಹೇಬಗ ಇಷ್ಟ ಸ್ವಚ್ಛ ಮಾಡಿ ಕೊಡತಿದ್ದಿಲ್ಲ."

"ಬಾಯಿ ಮುಚ್ಚು" ಎಂದರು ತಾಯಿ.

ಶ್ರೀಪಾಲ ಸಂಗ್ರಾಮನ ಕಡೆ ತಿರುಗಿದ. "ತದಿಗಿಗೆ ನಾಕ ದಿನಾ ಐತಿ. ಅಕ್ಷಯ ತದಿಗಿ ದಿನಾ ಕಂಬಾ ಏಳಬೇಕಂತ ಆಯೀದ ಹಟಾ. ಏಳಲಿ. ಆದ್ರ ಅಷ್ಟ್ರಾಗ ನೂರಾ ಎಂಟರದೂ ಜಾಗಾ ನೀ ಹೇಳಬೇಕು. ಅರ್ಧಾ ಮನಿ ಕಟ್ಟಿ ನಾ ಏನ ಮಾಡ್ಲಿ, ದನಾ ಕಟ್ಲ್ಯಾ? ಆಗಲಿಲ್ಲಂದ್ರ ತದಿಗಿ ಮರದಿನ ಲಾರಿ ಬರತೈತಿ."

ಲಕ್ಷ್ಮಿಬಾಯಿ ಒದ್ದೆ ಸೆರಗು ಬಿಚ್ಚಿ ಹಿಂಡಿಕೊಂಡರು. ತಪ್ಪು ಯಾರದೆಂದು ಅವರಿಗೆ ತಿಳಿದಿತ್ತು.

ಮರುದಿನ ಮುಂಜಾನೆ ಸಂಗ್ರಾಮ ಟೇಪು ಹಿಡಿದು ಉದ್ದ ಅಳೆಯತೊಡಗಿದ. ನಲವತ್ತು ಅಳೆಯುವಷ್ಟರಲ್ಲಿ ಅದು ಕೂಡುವ ಲೆಕ್ಕವಲ್ಲವೆಂದು ತಿಳಿಯಿತು. ಒಂದು ಜಂತಿಯ ಮೇಲೆ ಕುಂತು ಗುಟಖಾ ಹರಿದ. ಕುಂತಲ್ಲಿ ತೊಡೆಯ ಕೆಳಗೆ ಏನೋ ಚುಚ್ಚಿತು. ಎದ್ದು ನೋಡಿದ.

ಅದು ಜಂತಿಯ ಬೆನ್ನು. ಬಿಲ್ಲಿನ ಹಾಗೆ ಕೊಂಚ ಉಬ್ಬಿದ ಮೇಲ್ಮೈ. ಮನೆಯಲ್ಲಿದ್ದಾಗ ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಾಳಿಗೆಯ ಮಣ್ಣು. ಬಿಚ್ಚುವಾಗ ಎಲ್ಲ ಜಂತಿಗಳ ಬೆನ್ನಿಗೂ ಕಲ್ಲಾದ ಮಣ್ಣಿನ ಪೊರೆ ಇತ್ತು. ಅವನು ಅದನ್ನು ಕೆರೆಯಲು ಹೋಗಿರಲಿಲ್ಲ. ಹದಿನಾಲ್ಕು ಹೆಂಗಸರು ಎರಡು ದಿನ ನೆನೆಸಿ ನೆನೆಸಿ ಅದನ್ನು ತೆಗೆದಿದ್ದರು. ಈಗ ಜಂತಿಯ ನಟ್ಟನಡುವೆ, ಒಂದು ಅಂಚಿಗೆ ಎರಡು ಕಚ್ಚು, ಎದುರು ಅಂಚಿಗೆ ನಾಲ್ಕು ಕಚ್ಚು, ನಡುವೆ ಏಳು ಸಣ್ಣ ಗೀರು. ಉಳಿಯ ಮೂಲೆಯಿಂದ ಹೊಡೆದವು. ಒಂದೊಂದೂ ಚೊಕ್ಕ.

ಮುಂದಿನ ಜಂತಿಗೆ ಹೋದ. ಒಂದು ಕಚ್ಚು, ಒಂದು ಕಚ್ಚು, ಮೂರು ಗೀರು. ಅದರ ಮುಂದಿನದು: ಮೂರು, ನಾಲ್ಕು, ಒಂಬತ್ತು.

ಸಂಗ್ರಾಮನ ಬಾಯಲ್ಲಿ ಗುಟಖಾ ಹಾಗೇ ಉಳಿಯಿತು. ಒಂದು ಕಡೆ ಸಾಲು, ಒಂದು ಕಡೆ ಅಂಕಣ, ನಡುವೆ ಜಂತಿಯ ನಂಬರು. ಅವನು ವಹಿಯಲ್ಲಿ ಮೂರು ದಿನ ಕುಂತು ಬರೆದದ್ದನ್ನು, ಹೆಸರೂ ಊರೂ ಗೊತ್ತಿಲ್ಲದ ಯಾವನೋ ಬಡಿಗ ನೂರು ವರ್ಷದ ಹಿಂದೆ ಮರದ ಮೇಲೆಯೇ ಬರೆದು, ಅದರ ಮೇಲೆ ಮಣ್ಣು ಮುಚ್ಚಿ ಹೋಗಿದ್ದ. ಮುಚ್ಚಿದ ಮೇಲೆ ಯಾರೂ ನೋಡದ ಜಾಗದಲ್ಲಿ. ಮನೆ ಒಂದು ದಿನ ಬಿಚ್ಚುತ್ತಾರೆ ಎಂದು ಅವನಿಗೆ ಹೇಗೆ ಗೊತ್ತು?

ಹುರುಪಿನಲ್ಲಿ ರಾಶಿ ಹಾಕತೊಡಗಿದ. ಪೂನಮ, ಇಬ್ಬರು ಆಳುಗಳು ಕೈಗೂಡಿಸಿದರು. ಮಧ್ಯಾಹ್ನದ ಹೊತ್ತಿಗೆ ಹುರುಪು ಇಳಿಯಿತು. ನಾಲ್ಕು ಕಚ್ಚು ಇದ್ದವು ಸುಲಭ, ಏಕೆಂದರೆ ಸಾಲು ಮೂರೇ. ನಾಲ್ಕು ಅಂದರೆ ಅಂಕಣದ ನಂಬರೇ ಆಗಬೇಕು. ಎರಡೂ ಕಡೆ ಸಮ ಇದ್ದವೂ ಸುಲಭ. ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಇದ್ದರೆ? ಒಂದನೇ ಸಾಲಿನ ಎರಡನೇ ಅಂಕಣವೋ, ಎರಡನೇ ಸಾಲಿನ ಒಂದನೇ ಅಂಕಣವೋ? ಜಂತಿಯ ಈ ತುದಿಯಲ್ಲಿ ನಿಂತರೆ ಒಂದು ಎಡಕ್ಕೆ ಬರುತ್ತದೆ, ಆ ತುದಿಯಲ್ಲಿ ನಿಂತರೆ ಬಲಕ್ಕೆ. ಗುರುತು ನಟ್ಟನಡುವೆ ಇತ್ತು, ಯಾವ ತುದಿಗೂ ಹತ್ತಿರವಿರಲಿಲ್ಲ. ಆರು ಅಂಕಣ ಸರಿಯಾಗಿ ಬಂದವು. ಇನ್ನಾರು ಅಂಕಣದ ಜಂತಿಗಳು ಮೂರು ರಾಶಿಯಲ್ಲಿ ಕಲಬೆರಕೆಯಾಗಿ ಬಿದ್ದವು.

"ಅರ್ಧಾ ಮನಿ ಆತು" ಎಂದ ಸಂಗ್ರಾಮ.

"ದನಾ ಕಟ್ಟತೇವಿ ಬಿಡ್ರಿ" ಎಂದಳು ಪೂನಮ. ಅವಳು ನಗಲಿಲ್ಲ.

ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದ ಮಲಕಾರಿ ಇದನ್ನೆಲ್ಲ ಬದುವಿನ ಮೇಲೆ ಕುಂತು ನೋಡುತ್ತಿದ್ದ. ಕಬ್ಬೂರ ಕಡೆಯ ಕುರುಬ, ಐವತ್ತು ದಾಟಿದವನು, ಹೆಗಲ ಮೇಲೆ ಕಂಬಳಿ. ಎರಡು ದಿನದಿಂದ ಅವನ ನಗೆಗೆ ಈ ಹೊಲವೇ ಆಧಾರವಾಗಿತ್ತು. ಕಟ್ಟಿಗೆಗೆ ಎರೆಯುವ ಹೆಂಗಸರನ್ನು ಅವನು ಎಲ್ಲೂ ಕಂಡಿರಲಿಲ್ಲ.

"ಏನೋ ಬಡಿಗೇರಪ್ಪಾ" ಎಂದ, "ಎಣಸೂದು ಮುಗೀವಲ್ದಲ್ಲ. ನಾ ಇನ್ನೂರ ಕುರಿ ಬೀಡಿ ಸೇದೂದ್ರಾಗ ಎಣಸ್ತೇನಿ."

"ಕುರಿಗೆ ಕಾಲ ಅದಾವ ಮಾಮಾ, ತಮ್ಮ ಜಾಗಾಕ್ಕ ತಾವ ಹೊಕ್ಕಾವು. ಇವಕ್ಕ ಇಲ್ಲ."

ಮಲಕಾರಿ ಎದ್ದು ಬಂದ. ಕಲಬೆರಕೆಯ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕುಂತು, ಒಂದು ಜಂತಿಯ ಅಂಚಿನ ಕಚ್ಚುಗಳ ಮೇಲೆ ಬೆರಳಾಡಿಸಿದ. ಅವನ ಮುಖದ ನಗೆ ನಿಂತಿತು.

"ಇದು ಕಿವಿ ಕಚ್ಚು" ಎಂದ.

"ಏನು?"

"ಕುರಿ ಕಿವೀಗೆ ಹಾಕತೇವಲಾ. ನಮ್ಮ ಮನಿತನದ್ದು ಎಡಗಿವಿಗೆ ಎರಡ, ಬಲಗಿವಿಗೆ ಒಂದ. ನನ್ನ ಸೋದರಮಾವಂದು ಎಡಕ್ಕ ಒಂದ, ಬಲಕ್ಕ ಎರಡ. ಹತ್ತ ಹಿಂಡ ಕೂಡಿದ್ರೂ ಯಾವ ಕುರಿ ಯಾರದ ಅಂತ ಜಗಳಾ ಇಲ್ಲ."

"ನಂದೂ ಅದ ಜಗಳಾ ನಡದೇತಿ. ಎಡಾ ಯಾವದು, ಬಲಾ ಯಾವದು ತಿಳೀವಲ್ದು. ನೀ ಆ ಕಡೆ ನಿಂತ್ರ ನಿನಗೊಂದ ಎಡಾ, ನಾ ಈ ಕಡೆ ನಿಂತ್ರ ನನಗೊಂದ ಎಡಾ."

"ಹುಚ್ಚಪ್ಯಾಲಿ" ಎಂದ ಮಲಕಾರಿ ಶಾಂತವಾಗಿ. "ನಿನ್ನ ಎಡಾ ಯಾರ ಕೇಳ್ಯಾರ? ನೀ ಎಲ್ಲೇರ ನಿಲ್ಲು, ಕುರಿ ಎಡಗಿವಿ ಕುರಿಗೆ ಎಡಾ. ಮೊದಲ ಇದರ ತಲಿ ಯಾವ ಕಡೆ ಐತಿ ಹೇಳು. ತಲಿ ತಿಳೀದ ಕಿವಿ ಹೆಂಗ ತಿಳೀತೈತಿ?"

ಸಂಗ್ರಾಮನಿಗೆ ಅಜ್ಜ ನೆನಪಾದ. ಹದಿಮೂರು ವರ್ಷದ ಹಿಂದೆ, ಐಟಿಐ ಮುಗಿದ ವರ್ಷ, ಅಜ್ಜನ ಪಡಸಾಲೆಗೆ ಒಂದು ಗೂಟ ನೆಟ್ಟಿದ್ದ. ಅಜ್ಜ ಹಾಸಿಗೆಯಿಂದಲೇ ನೋಡಿ ಉಗಿದಿದ್ದ: ಗಿಡಾ ತಲಿಕೆಳಗ ನಿಲ್ಲಸ್ತಿಯೇನೋ ಭಾಡ್ಯಾ, ಬುಡ ಮ್ಯಾಲ ಮಾಡೀದಿ. ನಾಲ್ಕು ಮೂಲೆ ಹೆರೆದ ಕಟ್ಟಿಗೆಗೆ ಬುಡ ಯಾವುದು, ತುದಿ ಯಾವುದು, ಎಂದು ಸಂಗ್ರಾಮ ನಕ್ಕಿದ್ದ. ಅಜ್ಜ ಆಮೇಲೆ ಒಂದೇ ಮಾತು ಹೇಳಿ ಗೋಡೆಗೆ ಮುಖ ತಿರುಗಿಸಿದ್ದ. ಕಂಬದ ಬುಡ ನೆಲಕ್ಕ. ಜಂತಿ ಬುಡ ತೆಂಕಲಕ್ಕ, ತುದಿ ಬಡಗಲಕ್ಕ. ಹಂಗಿಲ್ಲದ್ದು ಮನಿ ಅಲ್ಲ, ಕಟಗಿ ಒಟ್ಟಲು.

"ತಲಿ ಐತಿ ಮಾಮಾ" ಎಂದ ಸಂಗ್ರಾಮ. "ಗಿಡದ ತುದಿ. ಆದ್ರ ಇದರಾಗ ತುದಿ ಯಾವದು ನನಗ ಕಾಣವಲ್ದು."

"ಬುಡದ ಕಡೆ ಭಾರ ಇರತೈತೋ ಇಲ್ಲೋ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಬೇವಿನ ಟೊಂಗೆಗೆ ಹಗ್ಗ ಹಾಯಿಸಿದರು. ಮೊದಲು ಸಂಶಯವಿಲ್ಲದ ರಾಶಿಯಿಂದ ಒಂದು ಜಂತಿ ತಂದರು. ಒಂದಂಚಿಗೆ ಎರಡು, ಇನ್ನೊಂದಂಚಿಗೆ ನಾಲ್ಕು ಇದ್ದದ್ದು. ಹಗ್ಗದ ಕುಣಿಕೆಯನ್ನು ಎಲ್ಲಿ ಹಾಕಬೇಕೆಂದು ಸಂಗ್ರಾಮ ನಡು ಹುಡುಕಲು ಟೇಪು ತೆಗೆದ. ಮಲಕಾರಿ ಅವನ ಕೈ ತಡೆದ. ಗುರುತೇ ನಡುವಿನಲ್ಲಿತ್ತು. ಕುಣಿಕೆ ಗುರುತಿನ ಮೇಲೆಯೇ ಕುಂತಿತು.

ಎಳೆದರು. ಜಂತಿ ನೆಲ ಬಿಟ್ಟು ಮೊಣಕಾಲೆತ್ತರ ಬಂತು, ಒಂದು ಗಳಿಗೆ ಸಮ ನಿಂತಿತು. ಆಮೇಲೆ ಯಾವ ಅವಸರವೂ ಇಲ್ಲದೆ ಒಂದು ತುದಿ ಕೆಳಗಿಳಿಯಿತು, ಇನ್ನೊಂದು ಮೇಲೇರಿತು.

ಪವರ್‌ಲೂಮಿನ ಖಟಖಟ ಊರ ಕಡೆಯಿಂದ ಕೇಳುತ್ತಿತ್ತು. ಆ ಗಿಡ ಕಡಿದು ನೂರು ವರ್ಷವಾಗಿತ್ತು. ಗರಗಸ ಹಾಕಿದ್ದರು, ಬಾಚಿಯಲ್ಲಿ ಹೆರೆದಿದ್ದರು, ಮೇಲೆ ಮಣ್ಣು ಹೇರಿದ್ದರು, ಎರಡು ಮಹಾಪೂರ ನೋಡಿತ್ತು. ಆದರೂ ಎತ್ತಿ ಹಿಡಿದರೆ ತಾನು ಯಾವ ಕಡೆಯಿಂದ ನೆಲಕ್ಕೆ ಅಂಟಿಕೊಂಡಿದ್ದೆ ಎಂದು ತೋರಿಸುತ್ತಿತ್ತು.

ಸಂಗ್ರಾಮ ಕೆಳಗಿಳಿದ ಬುಡದ ಹಿಂದೆ ಹೋಗಿ ನಿಂತು, ಮೇಲೇರಿದ ತಲೆಯ ಕಡೆ ನೋಡಿದ. ಎಡ ಅಂಚಿಗೆ ಎರಡು ಕಚ್ಚು. ಬಲ ಅಂಚಿಗೆ ನಾಲ್ಕು. ಇನ್ನೊಂದು ಎತ್ತಿದರು. ನಾಲ್ಕು ಬಲಕ್ಕೆ. ಹತ್ತು ಎತ್ತಿದರು. ಹತ್ತರಲ್ಲೂ ನಾಲ್ಕು ಬಲಕ್ಕೇ ಇತ್ತು.

"ಎಡಗಿವಿ ಸಾಲು" ಎಂದ ಸಂಗ್ರಾಮ. "ಬಲಗಿವಿ ಅಂಕಣ."

"ಬರೇ ಗುರ್ತ ಅಲ್ಲೋ" ಎಂದ ಮಲಕಾರಿ. ಅವನು ಕಂಬಳಿ ಕೆಳಗಿಟ್ಟಿದ್ದ. "ಹಗ್ಗಾ ಎಲ್ಲೆ ಹಾಕಬೇಕಂತಾನೂ ಹೇಳ್ಯಾನ ಅವಾ. ಹಗ್ಗಾ ಅಲ್ಲೇ ಹಾಕಿದ್ರ ಬುಡಾ ತಾನ ತಿಳೀತೈತಿ. ಬುಡಾ ತಿಳದ್ರ ಗುರ್ತ ತಿಳೀತೈತಿ. ಎಂಥಾ ಮಗಾ ಇದ್ದನಪಾ."

ಎರಡು ದಿನ ಅದೇ ಕೆಲಸ. ಹಗ್ಗ ಎಳೆಯಲು ಮಲಕಾರಿ ಮತ್ತು ಆಳುಗಳು, ಓದಲು ಸಂಗ್ರಾಮ, ರಾಶಿಯ ಮುಂದೆ ನಿಂತು ಎಣಿಸಲು ಪೂನಮ. ಲಕ್ಷ್ಮಿಬಾಯಿ ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕುಂತು, ಒಂದೊಂದು ಜಂತಿ ಬಾಗಿದಾಗಲೂ ಮಾಲೆಯ ಒಂದೊಂದು ಮಣಿ ಸರಿಸಿದರು. ಮಲಕಾರಿಯ ಕುರಿಗಳನ್ನು ಅವನ ಹೆಂಡತಿ ಸತ್ತೆವ್ವ ನೋಡಿಕೊಂಡಳು. ಮಧ್ಯೆ ಮಧ್ಯೆ ಬಂದು, "ನಮ್ಮ ಮನ್ಯಾಗ ಒಂದ ತೊಟ್ಟಿ ಎತ್ತಂದ್ರ ಸೊಂಟಾ ನೋಯ್ತೈತಿ, ಇಲ್ಲೆ ತೊಲಿ ಎತ್ತಾಕ ಬಂದಾನ" ಎಂದು ಗಂಡನಿಗೆ ಅಂದು ಹೋಗುತ್ತಿದ್ದಳು.

ಎರಡನೇ ದಿನ ಸಂಜೆ ಹನ್ನೊಂದು ರಾಶಿಯಲ್ಲಿ ಒಂಬತ್ತೊಂಬತ್ತು ಬಂದವು. ಒಂದನೇ ಸಾಲಿನ ಮೂರನೇ ಅಂಕಣದ ರಾಶಿಯಲ್ಲಿ ಎಂಟು. ಐದನೆಯದು ಇಲ್ಲ. ಬದಿಗೆ ಒಂದು ಜಂತಿ ಉಳಿದಿತ್ತು, ಅದರ ಬೆನ್ನ ಮೇಲೆ ಒಂದೂ ಗೀರಿರಲಿಲ್ಲ.

ಹೊಲಕ್ಕೆ ಬಂದಿದ್ದ ಶ್ರೀಪಾಲ ಅದನ್ನು ಕಾಲಿನಿಂದ ತಟ್ಟಿದ. "ಇದು ಎಲ್ಲೀದು?"

"ಅದ ಐದನೇದು" ಎಂದರು ಲಕ್ಷ್ಮಿಬಾಯಿ. "ಹಳೇದರ ಬದ್ಲಿ ಹಾಕಿದ್ದು. ನಿಮ್ಮಪ್ಪಾ ಹಾಕಿಸಿದ್ರು. ಹಳೇದು ಸೀಳಿತ್ತು."

"ಯಾಕ ಸೀಳಿತ್ತು?"

"ನಿನ್ನ ತೊಟ್ಟಲಾ ಕಟ್ಟಿದ್ವಿ ಅದಕ. ನೀ ಆಗೂ ಹಿಂಗ ಇದ್ದಿ."

ಆಳುಗಳು ಮುಖ ಆಚೆ ತಿರುಗಿಸಿದರು. ಮಲಕಾರಿ ತಿರುಗಿಸಲಿಲ್ಲ, ನೋಡಿಯೇ ನಕ್ಕ. ಶ್ರೀಪಾಲ ಆ ಜಂತಿಯ ಮೇಲಿಂದ ಕಾಲು ತೆಗೆದ.

"ನಾಳಿ ಸುಲಭದ ಅಂಕಣ ಎಬ್ಬಿಸಿ ನನಗ ತೋರಸಬ್ಯಾಡ" ಎಂದ ಸಂಗ್ರಾಮನಿಗೆ. "ಇದನ್ನ ಎಬ್ಬಿಸು. ಕಲಬೆರಕಿ ಆಗಿದ್ದನ್ನ. ಒಂಬತ್ತೂ ಕುಂತ್ರ ನಾ ಒಪ್ಕೋತೇನಿ. ಒಂದ ಕೂಡ್ಲಿಲ್ಲಂದ್ರೂ ಲಾರಿ."

ಅವನು ಹೋದ ಮೇಲೆ ಸಂಗ್ರಾಮ ಲಕ್ಷ್ಮಿಬಾಯಿಯ ಕುರ್ಚಿಯ ಹತ್ತಿರ ಬಂದು ನೆಲಕ್ಕೆ ಕುಂತ. ಹೇಳದೆ ಇದ್ದರೆ ನಾಳೆ ತೊಲೆಯ ಮೇಲೆ ಹತ್ತಲಾಗುವುದಿಲ್ಲ ಅನ್ನಿಸಿತ್ತು.

"ಕಾಕು, ನಾ ಅಜ್ಜನ ಜೋಡಿ ಒಂದೂ ಮನಿ ಎಬ್ಬಿಸಿಲ್ಲ. ಸುಳ್ಳ ಹೇಳಿದ್ದೆ."

"ಗೊತ್ತೈತಿ."

"ಯಾರ ಹೇಳಿದ್ರು?"

"ನೀನ. ಮೊದಲನೇ ದಿನಾ ಬಂದು ಕಂಬಕ್ಕ ಪಿಲ್ಲರ್ ಅಂದಿ, ಬೋದಿಗಿಗೆ ಬ್ರ್ಯಾಕೆಟ್ ಅಂದಿ. ಬೋದಿಗಿ ಎತ್ತಿದ ಯಾವ ಮಗಾನೂ ಅದಕ್ಕ ಬ್ರ್ಯಾಕೆಟ್ ಅನ್ನೂದಿಲ್ಲ." ಅವರು ಮಾಲೆಯನ್ನು ಚೀಲಕ್ಕೆ ಹಾಕಿದರು. "ಗೊತ್ತಿದ್ದವರು ಯಾರೂ ಉಳದಿಲ್ಲ ತಮ್ಮಾ. ಮತ್ತ ಯಾರಿಗೆ ಕೊಡ್ಲಿ? ನೀ ಕಂಬಾ 'ಪಿಲ್ಲರ್' ಅಂದ್ರೂ ಚಪ್ಲಿ ಕಳದ ಮುಟ್ಟಿದಿ. ಅದ ಸಾಕಾತು."

ಅಕ್ಷಯ ತದಿಗೆಯ ಮುಂಜಾನೆ ಸಂಗ್ರಾಮ ಎಲ್ಲರಿಗಿಂತ ಮೊದಲು ಬಂದ. ಗುರುತಿಲ್ಲದ ಜಂತಿಯನ್ನು ಮಲಕಾರಿಯ ಜೊತೆ ಹಗ್ಗಕ್ಕೆ ಹಾಕಿ ಎತ್ತಿದ, ಬುಡ ನೋಡಿದ. ಆಮೇಲೆ ಅಜ್ಜನ ಉಳಿ ತೆಗೆದ. ಅದನ್ನು ಇಷ್ಟು ದಿನ ಪೇಂಟಿನ ಡಬ್ಬಿ ತೆರೆಯಲು ಬಳಸುತ್ತಿದ್ದ. ನಿನ್ನೆ ರಾತ್ರಿ ಮನೆಯಲ್ಲಿ ಕುಂತು ಸಾಣೆ ಹಿಡಿದಿದ್ದ. ಎಡ ಅಂಚಿಗೆ ಒಂದು ಕಚ್ಚು. ಬಲ ಅಂಚಿಗೆ ಮೂರು. ನಡುವೆ ಐದು ಗೀರು. ಹಳೆಯವನ ಗೀರಿನಷ್ಟು ನೇರ ಬರಲಿಲ್ಲ, ಮೂರನೆಯದು ಸ್ವಲ್ಪ ವಾಲಿತು.

ಬುನಾದಿಯ ಕಲ್ಲುಗಳ ಮೇಲೆ ನಾಲ್ಕು ಕಂಬ ಎದ್ದವು, ಬುಡ ನೆಲಕ್ಕೆ. ಕಂಬದ ತಲೆಯ ನಾಲಿಗೆಗೆ ಬೋದಿಗೆ ಕುಂತವು. ಬೋದಿಗೆಯ ಮೇಲೆ ಎರಡು ತೊಲೆ ಏರಿದವು. ಇಷ್ಟಕ್ಕೆ ಮಧ್ಯಾಹ್ನವಾಯಿತು. ಲಕ್ಷ್ಮಿಬಾಯಿ ಎಲ್ಲರಿಗೂ ತದಿಗೆಯ ಕಬ್ಬಿನ ಹಾಲು ಕೊಟ್ಟರು. ಶ್ರೀಪಾಲ ಲೋಟ ಹಿಡಿದುಕೊಂಡು ನಿಂತೇ ಇದ್ದ, ಕುಡಿಯಲಿಲ್ಲ.

ಸಂಗ್ರಾಮ ತೊಲೆಯ ಮೇಲೆ ಹತ್ತಿ ಕುಂತ. ಆಚೆ ತೊಲೆಯ ಮೇಲೆ ಒಬ್ಬ ಆಳು. ಕೆಳಗಿನಿಂದ ಹಗ್ಗದಲ್ಲಿ ಮೊದಲ ಜಂತಿ ಬಂತು. ಬುಡ ತೆಂಕಲಿಗೆ, ತುದಿ ಬಡಗಲಿಗೆ. ಅವನು ನಾಲಿಗೆಯನ್ನು ಗೂಡಿನ ಮೇಲೆ ಇಟ್ಟು ಕೈ ಬಿಟ್ಟ. ಬಡಿಯಲು ಕೊಡತಿ ಎತ್ತುವ ಮೊದಲೇ ಜಂತಿ ತನ್ನ ಭಾರಕ್ಕೆ ತಾನೇ ಜಾರಿ, ಗಡಿಗೆಯ ಮೇಲೆ ಮುಚ್ಚಳ ಕೂರುವ ಹಾಗೆ ಕುಂತಿತು. ಒಂದು ಸಣ್ಣ ಸದ್ದು, ಅಷ್ಟೇ. ಸಂದಿಯಲ್ಲಿ ಉಗುರು ಹೋಗುವಷ್ಟೂ ಜಾಗವಿರಲಿಲ್ಲ.

ಎರಡನೆಯದು ಕುಂತಿತು. ಮೂರು, ನಾಲ್ಕು. ಐದನೆಯದಕ್ಕೆ ಕೊಡತಿಯ ಎರಡು ಪೆಟ್ಟು ಬೇಕಾದವು. ಬದಲಿ ಹಾಕಿದವನು ಹಳೆಯವನಷ್ಟು ಗಟ್ಟಿಗನಲ್ಲ. ಆರು. ಏಳು. ಎಂಟು. ಒಂಬತ್ತನೆಯದೂ ಗೂಡಿಗಿಳಿಯಿತು. ಶ್ರೀಪಾಲ ಲೋಟ ನೆಲಕ್ಕಿಟ್ಟು, ಹತ್ತಿರದ ಕಂಬಕ್ಕೆ ಎರಡೂ ಕೈ ಕೊಟ್ಟು ಮೈಭಾರ ಹಾಕಿ ನೂಕಿದ. ಕಂಬ ಮಿಸುಕಲಿಲ್ಲ. ಇನ್ನೊಮ್ಮೆ ನೂಕಿದ. ಆಮೇಲೆ ಕಿಸೆಯಿಂದ ಮೊಬೈಲ್ ತೆಗೆದು ದೂರ ಹೋದ. "ರಾವಸಾಹೇಬ್, ಗಾಡಿ ಬ್ಯಾಡ್ರಿ" ಎನ್ನುವುದು ಇಲ್ಲಿಗೂ ಕೇಳಿಸಿತು.

ಸಂಗ್ರಾಮ ಮೇಲೆಯೇ ಕುಂತಿದ್ದ. ಕೆಳಗಿನವರಿಗೆ ಕಾಣದ್ದು ಅವನಿಗೆ ಕಾಣುತ್ತಿತ್ತು. ಒಂಬತ್ತು ಬೆನ್ನುಗಳು ಅವನ ಮುಂದೆ ಸಾಲಾಗಿ ಮಲಗಿದ್ದವು. ಒಂಬತ್ತರ ಗುರುತೂ ಒಂದೇ ಗೆರೆಯಲ್ಲಿ, ಎಳೆ ಹಿಡಿದ ಹಾಗೆ, ಅವನ ಕಡೆಗೇ ಮುಖ ಮಾಡಿ ನೇರವಾಗಿದ್ದವು. ಒಂದು ಗೀರು, ಎರಡು ಗೀರು, ಮೂರು, ನಾಲ್ಕು. ನೆಲದ ಮೇಲೆ ತಿರುವಿ ಮುರುವಿ ಒದ್ದಾಡಿ ಓದಿದ್ದನ್ನು ಇಲ್ಲಿ ಕುಂತವನು ಕತ್ತು ತಿರುಗಿಸದೆ ಓದಬಹುದಿತ್ತು. ಅವನು ಕುಂತದ್ದು ತೆಂಕಲ ತೊಲೆಯ ಮೇಲೆ, ಬುಡದ ಕಡೆ. ನೂರು ವರ್ಷದ ಹಿಂದೆ ಇನ್ನೊಬ್ಬ ಇದೇ ತೊಲೆಯ ಮೇಲೆ, ಇದೇ ಕಡೆ ಕಾಲು ಇಳಿಬಿಟ್ಟು ಕುಂತಿದ್ದ. ಇಲ್ಲಿ ಕೂರುವವನಿಗೆಂದೇ ಬರೆದಿದ್ದ. ನಡುವೆ ಐದನೆಯದರ ಮೇಲೆ ಸಂಗ್ರಾಮನ ಕಚ್ಚು ಹಸಿಯಾಗಿ, ಬೆಳ್ಳಗೆ, ಸ್ವಲ್ಪ ವಾಲಿಕೊಂಡು ಇತ್ತು.

ಕೆಳಗೆ ಮಲಕಾರಿಯ ಕುರಿಗಳು ಬದು ದಾಟಿ ಬಂದು ನಾಲ್ಕು ಕಂಬಗಳ ನಡುವೆ ನುಗ್ಗಿದವು. ಗೋಡೆ ಇಲ್ಲದ ಮನೆ ಅವಕ್ಕೆ ನೆರಳು ಮಾತ್ರ. ಸತ್ತೆವ್ವ ಹಿಂದಿನಿಂದ ಕೂಗುತ್ತ ಬಂದಳು. ಮಲಕಾರಿ ಕುರಿಗಳ ನಡುವೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ.

"ಎಷ್ಟ ಅದಾವೋ ಬಡಿಗೇರಪ್ಪಾ?"

"ಒಂಬತ್ತ ಮಾಮಾ."

"ತಲಿ?"

"ಎಲ್ಲಾರದೂ ಬಡಗಲಕ್ಕ."

ಮಲಕಾರಿ ತಲೆಯಾಡಿಸಿ, ಕಂಬದ ಬುಡ ಮೂಸುತ್ತಿದ್ದ ಒಂದು ಕುರಿಯ ಕಿವಿ ಹಿಡಿದು ಆಚೆ ಕರೆದೊಯ್ದ. ಸಂಗ್ರಾಮ ಇಳಿಯಲಿಲ್ಲ. ಕೊಡತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಂದಿನ ಅಂಕಣದ ಕಂಬಗಳನ್ನು ತರಲು ಹೇಳಿದ.